ಹನ್ನೊಂದು ಅಡಿ

ನಮ್ಮೂರು ವರ್ಷಕ್ಕೊಮ್ಮೆ, ಆಷಾಢದ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ, ಮೂಡಣಕ್ಕೆ ಸರಿಯುತ್ತದೆ. ಕಟ್ಟಿದ್ದೆಲ್ಲ ಒಟ್ಟಿಗೆ ಸರಿಯುತ್ತದೆ. ಮನೆ, ಅಂಗಡಿ, ಪುರಸಭೆ, ಬಸ್ ನಿಲ್ದಾಣ, ಪೊಲೀಸ್ ಠಾಣೆ, ಕೊನೆಗೆ ಯಾರೂ ಒಳಗೆ ಕಾಲಿಡದ ಸಾರ್ವಜನಿಕ ಶೌಚಾಲಯ ಕೂಡ. ಬೆಳೆದದ್ದು, ತೋಡಿದ್ದು, ಹೂತದ್ದು ಮಾತ್ರ ಇದ್ದಲ್ಲೇ ಇರುತ್ತದೆ. ಒಂದು ವರ್ಷ ಒಂಬತ್ತು ಅಡಿ, ಒಂದು ವರ್ಷ ಹದಿಮೂರು, ಊರಿನ ಮರ್ಜಿ. ಹೊರಗಿನಿಂದ ಬಂದವರು ಯಾಕೆ ಹೀಗೆ ಎಂದು ಕೇಳುತ್ತಾರೆ. ನಿಮ್ಮೂರು ಯಾಕೆ ನಿಂತಲ್ಲೇ ನಿಂತಿದೆ ಎಂದು ನಾವು ಯಾರನ್ನೂ ಕೇಳಲು ಹೋಗಿಲ್ಲ, ಅಷ್ಟು ಮರ್ಯಾದೆ ನಮಗಿದೆ.

ಆ ಬೆಳಿಗ್ಗೆ ನಾವು ಮಾಡುವುದಿಷ್ಟೇ. ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸುತ್ತೇವೆ, ತೊಟ್ಟಿಲು ಬಿಚ್ಚುತ್ತೇವೆ, ಗೋಡೆಯ ಮೇಲಿನ ಹಿರಿಯರ ಫೋಟೋಗಳನ್ನು ತೆಗೆದು ಹಾಸಿಗೆಯ ಮೇಲೆ ಮಲಗಿಸುತ್ತೇವೆ, ಆಮೇಲೆ ಹೊಸ್ತಿಲ ಮೇಲೆ ಕುಳಿತು ಚಹಾ ಕುಡಿಯುತ್ತೇವೆ. ಚಹಾ ಮುಗಿಯುವುದರೊಳಗೆ ಮನೆ ಸರಿದಿರುತ್ತದೆ. ಆಮೇಲೆ ಯಾರ ಮನೆಯೊಳಗೆ ಏನು ಬಂತು ಎಂದು ನೋಡುವ ಸಂಭ್ರಮ. ಹಿಂದೊಮ್ಮೆ ಒಂದು ಹುಣಸೆಮರ ಪೊಲೀಸ್ ಠಾಣೆಯ ಲಾಕಪ್ಪಿನೊಳಗೆ ಸಿಕ್ಕಿಕೊಂಡಿತು. ಠಾಣೆ ಪೂರ್ತಿ ದಾಟಿಹೋಗಿ ಅದು ಹೊರಗೆ ಬರಲು ಮೂರು ವರ್ಷ ಬೇಕಾಯಿತು. ಆ ಠಾಣೆಯಿಂದ ಅಷ್ಟು ಬೇಗ ಬಿಡುಗಡೆಯಾದವರು ಕಡಿಮೆ.

ನನ್ನ ಹೆಸರು ಅಂದಾನಪ್ಪ. ಪುರಸಭೆಯಲ್ಲಿ ಮೂವತ್ತಾರು ವರ್ಷ ನಕ್ಷೆ ಬರೆದು ನಿವೃತ್ತನಾದವನು. ಅಮಾವಾಸ್ಯೆಯ ದಿನ ಪುರಸಭೆಯ ಮೂಲೆಗೆ ಸರಿಯಾಗಿ ನೆಲದಲ್ಲಿ ಒಂದು ಗೂಟ ಹೊಡೆಯುವುದು, ಮರುದಿನ ಊರು ಸರಿದ ಮೇಲೆ ಗೂಟದಿಂದ ಅದೇ ಮೂಲೆಯವರೆಗೆ ಟೇಪು ಹಿಡಿದು ಅಳೆಯುವುದು, ಆ ಸಂಖ್ಯೆಯನ್ನು ಹೊಸ ನಕ್ಷೆಯ ತಲೆಯ ಮೇಲೆ ಬರೆಯುವುದು, ಇದು ನನ್ನ ಕೆಲಸ. ನನ್ನ ನಂತರ ಆ ಹುದ್ದೆಗೆ ಯಾರನ್ನೂ ತೆಗೆದುಕೊಂಡಿಲ್ಲ. ಆ ಎರಡು ದಿನ ಈಗಲೂ ನನ್ನನ್ನೇ ಕರೆದು ಒಂದು ಹಾರ ಹಾಕಿ ಕಳಿಸುತ್ತಾರೆ. ನಾನು ಹುಟ್ಟುವ ಮೊದಲು ಇಲ್ಲಿ ಒಬ್ಬ ಮಹಾಬುದ್ಧಿವಂತ ಮುಖ್ಯಾಧಿಕಾರಿ ಇದ್ದನಂತೆ. ಇದ್ದಲ್ಲೇ ಇರುವುದನ್ನು ಪ್ರತಿವರ್ಷ ಬರೆದು ಶಾಯಿ ಯಾಕೆ ಹಾಳುಮಾಡಬೇಕು, ಸರಿಯುವುದನ್ನು ಮಾತ್ರ ಬರೆದರೆ ಸಾಕು ಎಂದು ಆಜ್ಞೆ ಹೊರಡಿಸಿದ. ಹಾಗಾಗಿ ನಮ್ಮೂರಿನ ನಕ್ಷೆಯಲ್ಲಿ ಒಂದು ಬಾವಿಯಿಲ್ಲ, ಒಂದು ಮರವಿಲ್ಲ, ಒಂದು ಬಂಡೆಯಿಲ್ಲ. ಹೋದ ವರ್ಷ ಊರು ಎಲ್ಲಿತ್ತು ಎಂದು ತಿಳಿಯಬೇಕಾದರೆ ಈ ವರ್ಷದ ಸಂಖ್ಯೆಯನ್ನು ನಂಬಬೇಕು, ಅದರ ಹಿಂದಿನದಕ್ಕೆ ಅದರ ಹಿಂದಿನ ಸಂಖ್ಯೆಯನ್ನು. ಹೊಸ ನಕ್ಷೆ ಬಂದ ಕೂಡಲೇ ಹಳೆಯದು ಪುರಸಭೆಯ ಅಟ್ಟ ಸೇರುತ್ತಿತ್ತು, ನನ್ನ ಕಾಲಕ್ಕೆ ಅಟ್ಟ ತುಂಬಿ ಶೇಂಗಾ ಮಾರುವವನ ಬುಟ್ಟಿಗೆ ಹೋಗತೊಡಗಿತು. ನಾನೇ ಬರೆದ ನಕ್ಷೆಯಲ್ಲಿ ಸುತ್ತಿದ ಶೇಂಗಾ ಒಮ್ಮೆ ನನ್ನ ಕೈಗೇ ಬಂದಾಗ ಹೊಟ್ಟೆಯುರಿದು, ಅಂದಿನಿಂದ ಅಟ್ಟದಲ್ಲಿದ್ದ ನೂರು ವರ್ಷದ ನಕ್ಷೆಗಳನ್ನೆಲ್ಲ ಮನೆಗೆ ತಂದು ಟ್ರಂಕಿನಲ್ಲಿ ತುಂಬತೊಡಗಿದೆ. ಅಂದಾನಪ್ಪನಿಗೆ ಕಾಗದದ ಹುಚ್ಚು ಎಂದು ಊರು ನಕ್ಕಿತು.

ಇನ್ನೊಂದು ಪದ್ಧತಿ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ನಮ್ಮಲ್ಲಿ ಹೊಸ ಮನೆ ಕಟ್ಟುವಾಗ ಹೊಸ್ತಿಲ ಕೆಳಗೆ ಒಂದು ತಾಮ್ರದ ತಂಬಿಗೆ ಹೂಳುತ್ತಾರೆ. ಅದರ ಮೇಲೆ ಕಟ್ಟಿಸಿದವರ ಹೆಸರು, ಇಸವಿ ಕೆತ್ತಿಸಿರುತ್ತಾರೆ. ಮನೆ ಗಟ್ಟಿಯಾಗಿ ನಿಲ್ಲಲಿ ಎಂಬ ಹಾರೈಕೆ. ಮರುವರ್ಷವೇ ಮನೆ ತಂಬಿಗೆಯನ್ನು ಅಲ್ಲೇ ಬಿಟ್ಟು ಹೊರಟುಬಿಡುತ್ತದೆ ಎಂಬುದು ಬೇರೆ ಮಾತು. ಹಾಗೆ ನೂರಾರು ತಂಬಿಗೆಗಳು ಪಡುವಣದ ನೆಲದೊಳಗೆ ಬಿದ್ದಿದ್ದವು, ಯಾರೂ ಅವುಗಳ ಗೊಡವೆಗೆ ಹೋಗಿರಲಿಲ್ಲ.

ಎರಡು ವರ್ಷದ ಹಿಂದೆ ಇಮಾಮಸಾಬ ಒಂದು ಕೋಲು ಮಾಡಿದ. ಇಮಾಮಸಾಬ ರೇಡಿಯೋ, ಸ್ಟೋವು ರಿಪೇರಿ ಮಾಡುವವನು. ಕೈಗೆ ಸಿಕ್ಕಿದ್ದನ್ನು ಬಿಚ್ಚದೆ ಬಿಡುವವನಲ್ಲ, ಬಿಚ್ಚಿದ್ದನ್ನು ಜೋಡಿಸದೆಯೂ ಬಿಡುವವನಲ್ಲ. ಬಿದಿರಿನ ತುದಿಗೆ ತಾಮ್ರದ ತಂತಿಯ ಸುರುಳಿ, ಹಿಡಿಕೆಗೆ ಹಳೆಯ ರೇಡಿಯೋದ ಡಬ್ಬಿ. ನೆಲದೊಳಗೆ ಲೋಹವಿದ್ದರೆ ಅದು ಕುಂಯ್ ಎನ್ನುತ್ತದೆ. ಪೇಟೆಯಲ್ಲಿ ಇಂಥದಕ್ಕೆ ಮೆಟಲ್ ಡಿಟೆಕ್ಟರ್ ಎನ್ನುತ್ತಾರಂತೆ, ನಮ್ಮವರು ಕುಂಯ್‌ಕೋಲು ಎಂದರು. ಅದನ್ನು ಹಿಡಿದು ಸುತ್ತಾಡಿದ ಮೊದಲ ದಿನವೇ ಅವನಿಗೆ ಅಜ್ಜಿಯ ಅಡಕೊತ್ತು ಸಿಕ್ಕಿತು. ಎರಡನೇ ದಿನ ಊರೇ ಅವನ ಬೆನ್ನ ಹಿಂದೆ ಇತ್ತು. ಮೂರನೇ ದಿನಕ್ಕೆ ಒಂದು ಸತ್ಯ ಗೊತ್ತಾಯಿತು: ಹಳೆಯ ಊರಿನ ನೆಲ ಎಲ್ಲಿ ಕೋಲಿಟ್ಟರೂ ಕುಂಯ್ ಎನ್ನುತ್ತದೆ. ಮೊಳೆ, ಲಾಳ, ತಗಡು, ಮುರಿದ ಕೊಡದ ಬಾಯಿ. ಕೋಲಿಗೆ ಕೂಗುವುದು ಗೊತ್ತು, ಎಲ್ಲಿ ಇಡಬೇಕೆಂದು ಗೊತ್ತಿಲ್ಲ. ಅದು ಗೊತ್ತಿದ್ದದ್ದು ನನ್ನ ಟ್ರಂಕಿಗೆ.

ಅಲ್ಪನಿಗೆ ಐಶ್ವರ್ಯ ಬಂದರೆ ಏನಾಗುತ್ತದೆಂದು ಗಾದೆ ಹೇಳುತ್ತದಲ್ಲ, ನನಗೂ ಅದೇ ಆಯಿತು. ನಿವೃತ್ತನಾದ ಮೇಲೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡದವರು ಬಾಳೆಹಣ್ಣಿನ ಗೊನೆ ಹಿಡಿದು ಬಂದರು. ನಾನು ಪಡಸಾಲೆಯ ಮುಂದೆ, ಹೊಸ್ತಿಲ ಪಕ್ಕದ ಕುರ್ಚಿಯಲ್ಲಿ ಕುಳಿತು, ಕನ್ನಡಕ ಏರಿಸಿ, ಬೇಕಾದ ನಕ್ಷೆ ಮೇಲೇ ಇದ್ದರೂ ಟ್ರಂಕಿನ ತಳದಿಂದ ಹುಡುಕಿದಂತೆ ಮಾಡಿ ತೆಗೆಯುತ್ತಿದ್ದೆ. "ನಿಮ್ಮ ಅಜ್ಜನ ಅಡಿಗಿಮನಿ ಈಗಿನ ದವಾಖಾನಿ ಕಂಪೌಂಡಿನ ಹಿಂದ ಐತಿ ನೋಡ್ರಿ," ಎಂದು ಬೆರಳಿಡುತ್ತಿದ್ದೆ. ನಡುವಿನ ವರ್ಷಗಳ ಅಡಿಗಳನ್ನೆಲ್ಲ ಕೂಡಿಸಿ ಅಷ್ಟು ದೂರ ಪಡುವಣಕ್ಕೆ ನಡೆಸುವುದು, ಅಲ್ಲಿ ಇಮಾಮಸಾಬ ಕೋಲು ಆಡಿಸುವುದು, ಕುಂಯ್ ಎಂದಲ್ಲಿ ಅಗೆಯುವುದು. ಸೌಟು ಬಂತು, ಹಿತ್ತಾಳೆ ಕೊಳಗ ಬಂತು, ಕಾಲುಂಗುರ ಬಂತು. ನಮ್ಮ ಜನಕ್ಕೆ ಪಾತ್ರೆಯ ಮೇಲೆ ಹೆಸರು ಕೆತ್ತಿಸುವ ಚಟ ಇದ್ದುದರಿಂದ ಯಾರದ್ದೆಂದು ಜಗಳವೂ ಕಡಿಮೆ. ಒಂದು ಸೌಟಿಗಾಗಿ ಮಾತ್ರ ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟರು, ಆ ಸೌಟು ಈಗ ನ್ಯಾಯಾಲಯದಲ್ಲಿದೆ.

ಪುರಸಭೆಯ ಅಧ್ಯಕ್ಷ ಚೆನ್ನಮಲ್ಲಪ್ಪ ಇಂಥದ್ದರಲ್ಲಿ ಹಿಂದೆ ಬೀಳುವ ಆಸಾಮಿಯಲ್ಲ. ನೂರು ವರ್ಷದ ಹಿಂದೆ ಮನೆ ಕಟ್ಟಿಸಿದ ಅವನ ಮುತ್ತಜ್ಜನ ತಂಬಿಗೆ ಎಲ್ಲಿರಬಹುದೆಂದು ನನ್ನಿಂದ ಲೆಕ್ಕ ಹಾಕಿಸಿಕೊಂಡು ಹೋದ. ನಾಲ್ಕು ದಿನ ಬಿಟ್ಟು ಬ್ಯಾಂಡ್ ಬಾರಿಸಿಕೊಂಡು ಬಂದು ಅಗೆಸಿದ. ನಾನು ಹೇಳಿದ ಜಾಗದಲ್ಲೇ, ಒಂದು ಗೇಣೂ ಆಚೀಚೆಯಿಲ್ಲದೆ, ತಂಬಿಗೆ ಬಂತು. ನೂರು ವರ್ಷ ಮಣ್ಣಿನಲ್ಲಿದ್ದದ್ದು ಮೊನ್ನೆ ಹುಣಸೆಹಣ್ಣು ಹಚ್ಚಿ ತಿಕ್ಕಿದಂತೆ ಹೊಳೆಯುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ನನಗೆ ಶಾಲು ಹೊದಿಸಿ 'ನಕ್ಷಾ ಬ್ರಹ್ಮ' ಎಂದು ಬಿರುದು ಕೊಟ್ಟರು. ಅದೇ ವಾರ ಅಧ್ಯಕ್ಷ ಒಂದು ಠರಾವು ಮಾಡಿಸಿದ. ಬಸ್ ನಿಲ್ದಾಣದ ಎದುರಿನ ಸಾಲಿನವರು ಮುಂದಿನ ಆಷಾಢದ ಅಮಾವಾಸ್ಯೆಯೊಳಗೆ ತಮ್ಮ ಮನೆಯ ತಂಬಿಗೆ ತೋರಿಸಬೇಕು; ತೋರಿಸದವರ ಮನೆ ಪುರಸಭೆಗೆ. ಆ ಸಾಲಿನಲ್ಲಿದ್ದದ್ದು ನಾಲ್ಕೇ ಮನೆ. ಒಂದು ಅಧ್ಯಕ್ಷನದು. ಎರಡು ಈಚೆಗೆ ಕಟ್ಟಿದವು, ಅವರ ತಂಬಿಗೆ ಒಂದೇ ದಿನದಲ್ಲಿ ಸಿಕ್ಕಿದವು. ನಾಲ್ಕನೆಯದು ಕಾಶವ್ವನ ಖಾನಾವಳಿ. ಅದರ ಜಾಗದಲ್ಲಿ ಲಾಡ್ಜ್ ಕಟ್ಟಬೇಕೆಂದು ಅಧ್ಯಕ್ಷನ ಭಾವಮೈದುನ ಮೂರು ವರ್ಷದಿಂದ ಕನಸು ಕಾಣುತ್ತಿದ್ದ ಎಂಬುದು ಬರೀ ಕಾಕತಾಳೀಯ ಇರಬೇಕು.

ಕಾಶವ್ವನಿಗೆ ಐವತ್ತೆರಡು ವರ್ಷ. ಆ ಮನೆಯನ್ನು ಕಟ್ಟಿಸಿದ್ದು ಅವಳ ತಾಯಿ ನಾಗವ್ವ, ಮನೆಮನೆಯ ಖಾರ ಕುಟ್ಟಿ, ಶಾವಿಗೆ ಹೊಸೆದು. ಗಂಡ ಬಿಟ್ಟುಹೋದ ಹೆಂಗಸು ಮನೆ ಕಟ್ಟಿಸುವುದೇ ಒಂದು ತಮಾಷೆಯಾಗಿತ್ತು. ಮೇಲಾಗಿ ತಂಬಿಗೆಯ ಮೇಲೆ ತನ್ನ ಹೆಸರನ್ನೇ ಕೆತ್ತಿಸಿದಳು. ಅಪ್ಪನ ಹೆಸರಿಲ್ಲ, ಗಂಡನ ಹೆಸರಿಲ್ಲ. ಕೆತ್ತುವವನು ಎರಡು ಸಲ ಕೇಳಿದನಂತೆ, ಅವ್ವಾ ಮುಂದ ಏನು ಹಾಕಲಿ ಅಂತ. ಮುಂದೇನೂ ಇಲ್ಲ, ಇಷ್ಟೇ ಎಂದಳಂತೆ. ತಾಯಿ ಹೋದ ಮೇಲೆ ಕಾಶವ್ವ ಅಲ್ಲಿ ರೊಟ್ಟಿ ಊಟ ಹಾಕತೊಡಗಿದಳು. ಹೆಂಡತಿ ತೀರಿಕೊಂಡ ದಿನದಿಂದ ನನ್ನ ಎರಡು ಹೊತ್ತಿನ ಊಟವೂ ಅಲ್ಲೇ.

ಈಗ ನನ್ನ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಊರಿನವರನ್ನೆಲ್ಲ ಆಡಿಕೊಂಡೆನಲ್ಲ, ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದ ಕಥೆ ಇದು. ಮೂವತ್ತೆಂಟು ವರ್ಷದ ಹಿಂದೆ, ನನಗೆ ಇಪ್ಪತ್ತೇಳಾಗಿದ್ದಾಗ, ಪಕ್ಕದೂರಿಗೆ ಒಂದು ನಾಟಕ ಕಂಪನಿ ಬಂದಿತ್ತು. ಅದರ ನಾಯಕಿ ಹಾಡಲು ನಿಂತರೆ ಗಂಡಸರು ಬೀಡಿ ಸೇದುವುದನ್ನು ಮರೆಯುತ್ತಿದ್ದರು. ಅಮಾವಾಸ್ಯೆಯ ದಿನ ಗೂಟ ಹೊಡೆದವನು ನೇರ ಅಲ್ಲಿಗೆ ಹೋದೆ. ಒಂದು ಆಟ ನೋಡಿ ಬೆಳಿಗ್ಗೆಯೊಳಗೆ ವಾಪಸು ಬರುವ ಯೋಚನೆ, ಮೂರು ದಿನ ಕಳೆದು ಬಂದೆ. ಬಂದು ನೋಡಿದರೆ ಊರು ಸರಿದಿದೆ, ಗೂಟವೇ ಇಲ್ಲ. ಯಾರೋ ಕಿತ್ತು ಒಲೆಗೆ ಹಾಕಿದ್ದರು. ಈ ಸಲ ಭಾಳ ಸರದೈತಿ ಎಂದು ಒಂದಿಬ್ಬರು ಅಂದರು. ಜನ ಪ್ರತಿವರ್ಷ ಹಾಗೇ ಅನ್ನುತ್ತಾರೆ. ಹೋದ ವರ್ಷ ಹನ್ನೊಂದು ಅಡಿ ಇತ್ತು. ನಾನು ಮತ್ತೆ ಹನ್ನೊಂದು ಎಂದು ಬರೆದೆ. ಎರಡು ಅಂಕಿ, ಒಂದು ಸಲ ಮಸಿ ಅದ್ದುವಷ್ಟು ಕೆಲಸ.

ಆ ಹನ್ನೊಂದು ಸುಳ್ಳಾದರೆ ಅದಕ್ಕಿಂತ ಹಿಂದಿನ ಎಲ್ಲವೂ ಸುಳ್ಳು. ಆ ವರ್ಷದ ಈಚೆಗೆ ಹೂತದ್ದು ನಾನು ಹೇಳಿದಲ್ಲಿ ಸಿಗುತ್ತದೆ, ಆಚೆಗೆ ಹೂತದ್ದು ಸಿಗುವುದಿಲ್ಲ. ಎರಡು ವರ್ಷದಲ್ಲಿ ಇದು ನನಗೆ ಚೆನ್ನಾಗಿ ಮನದಟ್ಟಾಗಿತ್ತು. ಹಳೆಯದನ್ನು ಕೇಳಿ ಬಂದವರಿಗೆ ಏನೂ ಸಿಗದಿದ್ದಾಗ, ಭೂಮಿ ನುಂಗಿರಬೇಕು ಎನ್ನುತ್ತಿದ್ದೆ, ಇಲ್ಲವೇ ಇಮಾಮಸಾಬನ ಕೋಲಿನ ಕಡೆ ನೋಡಿ ತಲೆಯಾಡಿಸುತ್ತಿದ್ದೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಜನ ಅವನ ಕೋಲನ್ನು ಬೈದರು, ಆಮೇಲೆ ಅವನನ್ನೇ ಬೈದರು. ಅಧ್ಯಕ್ಷನ ಮುತ್ತಜ್ಜನ ತಂಬಿಗೆ ನಾನು ಹೇಳಿದ ಜಾಗದಲ್ಲೇ ಸಿಕ್ಕಾಗಲಂತೂ, ಅದನ್ನು ಅಲ್ಲಿ ತಂದಿಟ್ಟವನು ಮರಿಮೊಮ್ಮಗನೇ ಎಂದು ಆ ಕ್ಷಣವೇ ಗೊತ್ತಾಯಿತು. ಊರಿನಲ್ಲಿ ಅದು ಗೊತ್ತಿದ್ದವರು ಇಬ್ಬರೇ, ಅವನು ಮತ್ತು ನಾನು. ಅವನ ಸುಳ್ಳನ್ನು ಹೊರಗೆಳೆದರೆ ನನ್ನದೂ ಅದರ ಹಿಂದೆಯೇ ಬರುತ್ತದೆ. ನಾನು ಶಾಲು ಹೊದ್ದುಕೊಂಡೆ. ಒಳ್ಳೆಯ ಶಾಲು, ಚಳಿಗಾಲಕ್ಕೆ ಬೆಚ್ಚಗಿರುತ್ತದೆ.

ನಾಗವ್ವನ ಮನೆ ಕಟ್ಟಿದ್ದು ಆ ನಾಟಕದ ವರ್ಷಕ್ಕೆ ಎರಡು ವರ್ಷ ಮೊದಲು. ಕಾಶವ್ವ ನನ್ನ ಲೆಕ್ಕದ ಪ್ರಕಾರ ಹಳೆಯ ಬಯಲಿನಲ್ಲಿ ಆಳೆತ್ತರದ ಗುಂಡಿ ತೋಡಿಸಿದಳು. ಒಂದು ತುಕ್ಕು ಹಿಡಿದ ಲಾಳ ಬಿಟ್ಟು ಏನೂ ಬರಲಿಲ್ಲ. ಇಮಾಮಸಾಬ ಮೂರು ದಿನ ಕೋಲು ಆಡಿಸಿ, ನಾಲ್ಕನೇ ದಿನ ಗುಂಡಿಯ ದಂಡೆಯ ಮೇಲೆ ಕುಳಿತುಬಿಟ್ಟ. "ನನ್ನ ಕೋಲಿಗೇ ಏನೋ ಆಗೇತಿ ಕಾಶಕ್ಕ. ಹೊಸಾದು ಹುಡುಕತೈತಿ, ಹಳೇದು ಅಂದ್ರ ಸುಮ್ಮನಾಗತೈತಿ. ಬಿಚ್ಚಿ ನೋಡಿದೆ, ಕಟ್ಟಿ ನೋಡಿದೆ. ಅಮಾವಾಸಿ ಕಳದ ಮ್ಯಾಲ ಮುರದು ಒಗದುಬಿಡತೀನಿ," ಎಂದ. ನಾನು ಅಲ್ಲೇ ನಿಂತಿದ್ದೆ. ಯಂತ್ರ ಎಂದ ಮೇಲೆ ಹಾಗೇ ಎಂದು ಸಮಾಧಾನ ಹೇಳಿದೆ.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಮಧ್ಯಾಹ್ನದ ಊಟಕ್ಕೆ ಹೋದೆ. ಕಾಶವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿ ಎದುರಿಗೆ ಕುಳಿತಳು. ಗೋಡೆಯ ಪಕ್ಕ ದೊಡ್ಡ ಪಾತ್ರೆಗಳನ್ನು ಹೊರೆ ಕಟ್ಟಿಟ್ಟಿದ್ದಳು. ಅದೇನು ಎಂದೆ, ಗೊತ್ತಿದ್ದೂ.

"ಖಾಲಿ ಮಾಡೂದೈತೆಲ್ರಿ ಅಣ್ಣಾರ. ನಮ್ಮಕ್ಕನ ಮಗಳ ಊರಿಗಿ ಹೊಂಟೀನಿ. ಅಲ್ಲೆ ಮನಿ ಸರಿಯೂದಿಲ್ಲಂತ, ನಿದ್ದಿ ಹೆಂಗ ಹತ್ತತೈತೋ ಏನೋ."

"ಠರಾವಿಗಿ ತಕರಾರು ಹಾಕಬೇಕಿತ್ತು ತಂಗಿ," ಎಂದೆ.

"ಯಾತಕ್ಕ ಹಾಕ್ಲಿ? ಅಧ್ಯಕ್ಷ ಸುಳ್ಳು ಹೇಳ್ತಾನ, ಅವನ ಭಾವಮೈದುನ ಸುಳ್ಳು ಹೇಳ್ತಾನ, ಅದು ನನಗೂ ಗೊತ್ತೈತಿ. ಆದ್ರ ನಕಾಶಿ ನಿಮ್ಮ ಕೈಯಿಂದು. ನೀವು ಇಲ್ಲೇ ಅಂದ್ರ ಇಲ್ಲೇ ಇರಬೇಕು. ಅಲ್ಲಿ ಇಲ್ಲ ಅಂದ್ರ ನಮ್ಮವ್ವ ತಂಬಿಗಿ ಹೂತೇ ಇಲ್ಲ. ಹೂತೀನಿ ಅಂತ ನನಗ ಸುಳ್ಳು ಹೇಳಿದ್ಲು ಅಂತ ಆಗತೈತಿ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಮನಿ ಹೋದ್ರ ಹೋಗ್ಲಿ. ಅವ್ವ ಸುಳ್ಳು ಹೇಳಿದ್ಲಲ್ಲ ಅನ್ನೂದು ತಡಕೊಳಾಕ ಆಗವಲ್ದು. ಇನ್ನೊಂದು ರೊಟ್ಟಿ ಹಾಕ್ಲಿ?"

ಹಾಕು ಎಂದೆ. ಹಾಕಿಸಿಕೊಂಡ ರೊಟ್ಟಿಯನ್ನು ಮುರಿದು ಮುರಿದು ತಟ್ಟೆಯ ಅಂಚಿಗೆ ಸರಿಸಿದೆ. ನಾಚಿಕೆಯಾಯಿತು. ಅರವತ್ತೈದು ವರ್ಷದಲ್ಲಿ ಬೇರೆಯವರಿಗೆ ನಾಚಿಕೆಯಾಗಬೇಕಾದ ಸಂದರ್ಭಗಳನ್ನು ಬೇಕಾದಷ್ಟು ಎಣಿಸಿದ್ದೆ. ನನಗೇ ಆದರೆ ಹೇಗಿರುತ್ತದೆ ಎಂಬ ಅಭ್ಯಾಸವಿರಲಿಲ್ಲ. ಆದರೂ ಕೈತೊಳೆದು ಸುಮ್ಮನೆ ಮನೆಗೆ ಬಂದೆ. ಒಂದೇ ದಿನದಲ್ಲಿ ಮನುಷ್ಯ ಒಳ್ಳೆಯವನಾಗುವುದು ಆ ಕಂಪನಿಯ ನಾಟಕದಲ್ಲಿ ಮಾತ್ರ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಖಾನಾವಳಿಯ ಮುಂದೆ ಊರು ಸೇರಿತು. ಅಧ್ಯಕ್ಷ, ಅವನ ಭಾವಮೈದುನ, ಕೈಯಲ್ಲಿ ಹೊಸ ಬೀಗ ಹಿಡಿದ ಒಬ್ಬ ಜವಾನ. ಕಾಶವ್ವ ಒಲೆ ಆರಿಸಿ, ಹೊಸ್ತಿಲು ತೊಳೆದು, ರಂಗೋಲಿ ಹಾಕಿ ಪಕ್ಕಕ್ಕೆ ನಿಂತಿದ್ದಳು. ಬೀಗ ಹಾಕಲು ಬರುವವರಿಗೂ ರಂಗೋಲಿ ಹಾಕುವ ಹೆಂಗಸು ಅವಳು. ಇಮಾಮಸಾಬ ಕೋಲು ಹೆಗಲಿಗೆ ಹಾಕಿಕೊಂಡು ಕಂಬಕ್ಕೆ ಒರಗಿದ್ದ. ನನಗೆ ಮುಂದುಗಡೆ ಕುರ್ಚಿ, ಹೆಗಲಿಗೆ ಅದೇ ಶಾಲು.

"ನಕ್ಷಾ ಬ್ರಹ್ಮರ ಬಾಯಿಂದನ ಊರಿಗಿ ಒಂದು ಮಾತು ಕೇಳಿಸಿಬಿಡೂಣು," ಎಂದ ಅಧ್ಯಕ್ಷ, ಸಭೆಗೆ ಕೈಮುಗಿದು. "ಯಾರಿಗೂ ಅನ್ಯಾಯ ಆಗಬಾರದು ನೋಡ್ರಿ. ಅಂದಾನಪ್ಪನವರ, ನಿಮ್ಮ ನಕಾಶಿ ತೋರಿಸಿದ ಜಾಗಾ ಖರೇ ಅಂದ್ರ ಖರೇ ಹೌದಲ್ರಿ?"

ಎದ್ದು ನಿಂತೆ. ಹೌದು ಎನ್ನಬೇಕೆಂದೇ ಎದ್ದೆ, ಸುಳ್ಳು ಹೇಳುವುದಿಲ್ಲ. ಕಾಶವ್ವ ನನ್ನ ಕಡೆ ನೋಡಿ, ಹೇಳಿಬಿಡ್ರಿ ಅಣ್ಣಾರ ಎಂಬಂತೆ ತಲೆಯಾಡಿಸಿದಳು. ಅವಳೇನಾದರೂ ಅತ್ತಿದ್ದರೆ, ಬೈದಿದ್ದರೆ, ನಾನು ಗಟ್ಟಿಯಾಗಿಯೇ ಹೌದು ಎನ್ನುತ್ತಿದ್ದೆ.

"ಅಲ್ಲ," ಎಂದೆ. "ತಪ್ಪೈತಿ. ಮೂವತ್ತೆಂಟು ವರ್ಷದ ಹಿಂದ ನಾ ಅಳತಿ ಮಾಡಿಲ್ಲ. ನಾಟಕ ನೋಡಾಕ ಹೋಗಿದ್ದೆ. ಬಂದು ಅಂದಾಜಿಲೆ ಹನ್ನೊಂದು ಅಡಿ ಅಂತ ಬರದೆ. ಅದರ ಹಿಂದಿಂದು ನಾ ಯಾರ್ಯಾರಿಗಿ ಹೇಳೀನೋ ಎಲ್ಲಾ ಸುಳ್ಳು. ಇಮಾಮಸಾಬನ ಕೋಲು ಸರಿ ಐತಿ. ತಪ್ಪು ನಂದು."

ಬಸ್ ನಿಲ್ದಾಣದಲ್ಲಿ ಹಾರ್ನ್ ಹೊಡೆಯುತ್ತಿದ್ದ ಡ್ರೈವರ್ ಕೂಡ ಕೈ ತೆಗೆದ. ಎರಡು ವರ್ಷದಲ್ಲಿ ಸುಮ್ಮನೆ ಗುಂಡಿ ತೋಡಿ ಸೊಂಟ ಹಿಡಿಸಿಕೊಂಡವರು ಅಲ್ಲಿ ಹನ್ನೆರಡು ಮಂದಿಯಾದರೂ ಇದ್ದರು; ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಮೊದಲು ಬಾಯಿ ಬಿಟ್ಟವನು ಇಮಾಮಸಾಬ. ಅವನು ಸ್ಟೋವು ರಿಪೇರಿ ಮಾಡುವವನ ಹಾಗೆಯೇ ಒಂದೊಂದೇ ತಿರುಪು ಬಿಚ್ಚಿದ.

"ತಡೀರಿ, ತಡೀರಿ. ಹಳೇ ತಂಬಿಗಿ ಯಾವೂ ನೀವು ಹೇಳಿದ ಜಾಗಾದಾಗ ಇರೂದಿಲ್ಲ. ಹೌದಲ್ರಿ? ಹಂಗಾರ ಅಧ್ಯಕ್ಷರ ಮುತ್ತಜ್ಜನ ತಂಬಿಗಿ ಆ ತಪ್ಪು ಜಾಗಾದಾಗ ಹೆಂಗ ಬಂದು ಕುಂತಿತ್ರೀ?"

ಚೆನ್ನಮಲ್ಲಪ್ಪನ ಮುಖದಲ್ಲಿ ಏನೇನೋ ಬಣ್ಣ ಬಂದು ಹೋದವು. "ತಂಬಿಗಿನೂ ಒಳಗಿಂದೊಳಗ ಒಂದೀಟು ಸರದಿರಬೇಕು," ಎಂದ.

ಹೂತದ್ದು ಸರಿಯುವುದಿಲ್ಲ ಎಂಬುದು ನಮ್ಮೂರಿನಲ್ಲಿ ಹಾಲುಗಲ್ಲದ ಕೂಸಿಗೂ ಗೊತ್ತು. ಮೊದಲು ಹಿಂದುಗಡೆಯಿಂದ ಒಬ್ಬರು ನಕ್ಕರು, ಆಮೇಲೆ ಇಡೀ ಬೀದಿ. ಬೀಗ ಹಿಡಿದ ಜವಾನ ನಗು ತಡೆಯಲಾರದೆ ಮುಖ ತಿರುಗಿಸಿಕೊಂಡ. ಆದರೆ ಅಧ್ಯಕ್ಷ ಹಾಗೆ ಸುಲಭವಾಗಿ ನೆಲ ಮುಟ್ಟುವವನಲ್ಲ. "ನನ್ನ ತಂಬಿಗಿ ಮಾತು ಆಮ್ಯಾಲ. ಈಕಿ ತಂಬಿಗಿ ಎಲ್ಲೈತಿ? ಠರಾವು ಠರಾವೇ. ಇವತ್ತು ಹೊತ್ತು ಮುಣುಗೂದರೊಳಗ ತೋರಸ್ರಿ. ನೀವು ಅಳತಿನೇ ಮಾಡಿಲ್ಲ ಅಂದ ಮ್ಯಾಲ, ಆ ವರ್ಷ ಎಷ್ಟು ಸರದಿತ್ತು ಅಂತ ಯಾವ ದೇವರನ್ನ ಕೇಳ್ತೀರಿ?"

ಸತ್ಯ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಸತ್ಯ ಹೇಳಿದರೆ ಬರೀ ಸತ್ಯ ಹೇಳಿದಂತಾಗುತ್ತದೆ, ಅಷ್ಟೇ. ಶಾಲು ತೆಗೆದು ಕುರ್ಚಿಯ ಮೇಲಿಟ್ಟೆ. ಆಗ ಕಾಶವ್ವ ಎರಡು ಹೆಜ್ಜೆ ಮುಂದೆ ಬಂದಳು. ಅವಳ ಮುಖದಲ್ಲಿ ನಾನು ಹಿಂದೆಂದೂ ನೋಡದ ಸಿಟ್ಟಿತ್ತು.

"ಯಾವ ವರ್ಷ ಅಂದ್ರಿ? ನಾಟಕ ಕಂಪನಿ ಬಂದ ವರ್ಷ?"

"ಹೌದು."

"ಅದಕ್ಕ ಇಷ್ಟು ದಿನ ಬಾಯಿ ಮುಚಗೊಂಡು ಕುಂತಿದ್ರೇನು? ನನ್ನ ಕೇಳಿದ್ರ ಆಗೂದು! ನನಗ ಆಗ ಹದಿನಾಕು ವರ್ಷ. ಹಿತ್ತಲ ಬಾಗಿಲಿಂದ ನೆಟ್ಟಗ ಪಡುವಲಕ್ಕ ಬಾವಿ ಇತ್ತು. ಅಮಾವಾಸಿ ದಿನ ತುಂಬಿದ ಕೊಡಾ ಹೊತಗೊಂಡು ಬರೂವಾಗ ಬಾವಿಯಿಂದ ಬಾಗಲಾ ಇಪ್ಪತ್ತೆರಡು ಹೆಜ್ಜಿ. ಮರುದಿನ ಇಪ್ಪತ್ತೆರಡಕ್ಕ ಕಾಲು ತಾವೇ ನಿಂತುವು, ಹೊಸ್ತಿಲಾ ದಾಟಾಕ ಕಾಲು ಎತ್ತಿದೆ, ಅಲ್ಲೆ ಹೊಸ್ತಿಲಾನೇ ಇಲ್ಲ. ಮುಗ್ಗರಸಿ ಬಿದ್ದು ಕೊಡಾ ಒಡೀತು. ಅವ್ವ ಬೈದ್ಲು. ಮತ್ತೊಂದು ಕೊಡಾ ತುಂಬಿ ಎಣಿಸಗೋತ ಬಂದೆ. ಅರವತ್ತೆರಡು. ನಲವತ್ತು ಹೆಜ್ಜಿ ಹೆಚ್ಚಿಗಿ ಆಗಿತ್ತು. ದಿನಾ ಹನ್ನೆರಡು ಕೊಡಾ ತರೂವಾಕಿಗಿ ಅದು ಮರೀತೈತೇನು?"

ಗುಂಪಿನೊಳಗಿನ ಇನ್ನೊಬ್ಬ ಹೆಂಗಸು, "ಖರೇ ಐತಿ, ಆ ವರ್ಷ ನಮಗೂ ನಲವತ್ತು ಹೆಚ್ಚಿಗಿ ಬಂದಿತ್ತು," ಎಂದಳು. ಅವಳ ಹಿಂದಿನಿಂದ ಮತ್ತೊಬ್ಬಳು ಮೂವತ್ತೊಂಬತ್ತು ಎಂದಳು, ಅವಳು ಎತ್ತರದ ಹೆಂಗಸು. ಪುರಸಭೆಯಲ್ಲಿ ಮೂವತ್ತಾರು ವರ್ಷ ಟೇಪು, ಗೂಟ, ಶಾಯಿ ಇಟ್ಟುಕೊಂಡು ಕುಳಿತಿದ್ದ ನನಗೆ, ಊರಿನ ಅರ್ಧ ಜನ ಪ್ರತಿವರ್ಷ ತಲೆಯ ಮೇಲೆ ಕೊಡ ಹೊತ್ತು ಅಳತೆ ಮಾಡುತ್ತಿದ್ದರೆಂಬುದು ಗೊತ್ತೇ ಇರಲಿಲ್ಲ. ಬಾವಿ 'ಇದ್ದಲ್ಲೇ ಇರುವುದು' ತಾನೇ, ನಾವು ಅದನ್ನು ಬರೆಯುತ್ತಿರಲಿಲ್ಲ. ನಲ್ಲಿ ಬಂದ ಮೇಲೆ ಆ ಬಾವಿಗೆ ಚಪ್ಪಡಿ ಮುಚ್ಚಿ, ಅದರ ಮೇಲೆ ಯಾರ್ಯಾರದೋ ಮನೆಗಳು ಸರಿದುಹೋಗಿದ್ದವು.

ಕಾಶವ್ವ ಒಳಗೆ ಹೋಗಿ ಕಟ್ಟಿಟ್ಟ ಹೊರೆ ಬಿಚ್ಚಿ ಒಂದು ಕೊಡ ತೆಗೆದಳು, ನಲ್ಲಿಯಲ್ಲಿ ತುಂಬಿದಳು. ತಲೆಗೆ ಬಟ್ಟೆಯ ಸಿಂಬಿ ಸುತ್ತಿ, ಅದರ ಮೇಲೆ ಕೊಡ ಇಟ್ಟುಕೊಂಡು ಖಾಲಿ ಗುಂಡಿಯ ಹತ್ತಿರ ನಡೆದಳು. ಇಡೀ ಊರು ಅವಳ ಹಿಂದೆ. ನಾನು ಗುಂಡಿಯಿಂದ ಹನ್ನೊಂದು ಅಡಿ ಮೂಡಣಕ್ಕೆ ಅಳೆದು, ನನ್ನ ಸುಳ್ಳನ್ನು ಅಲ್ಲಿಂದ ಕಳೆದು, ಅವಳನ್ನು ನಿಲ್ಲಿಸಿದೆ. ಅವಳು ಪಡುವಣಕ್ಕೆ ಮುಖ ಮಾಡಿ ಹೆಜ್ಜೆ ಹಾಕತೊಡಗಿದಳು. ಹದಿನಾಲ್ಕಕ್ಕೂ ಐವತ್ತೆರಡಕ್ಕೂ ಕಾಲಿನ ಬೀಸು ಒಂದೇ ಇರುವುದಿಲ್ಲ, ಆದರೆ ತುಂಬಿದ ಕೊಡ ತಲೆಯ ಮೇಲಿದ್ದರೆ ಹೆಜ್ಜೆಯ ಉದ್ದವನ್ನು ಗೊತ್ತುಮಾಡುವುದು ಕೊಡ. ಒಂದು ಹನಿ ಚೆಲ್ಲಲಿಲ್ಲ. ಜನ ಜೋರಾಗಿ ಎಣಿಸುತ್ತಿದ್ದರು. ಇಪ್ಪತ್ತರ ಹೊತ್ತಿಗೆ ಬಯಲು ಮುಗಿದು ಮನೆಗಳ ಸಾಲು ಬಂತು. ಮೂವತ್ತಕ್ಕೆ ಒಂದು ಅಂಗಳ ದಾಟಿದಳು. ಮೂವತ್ತೈದಕ್ಕೆ ನಾನು ಗುಂಪನ್ನು ಸರಿಸಿಕೊಂಡು ಮುಂದೆ ಬಂದೆ, ಯಾಕೆಂದರೆ ಎದುರಿಗೆ ಇದ್ದದ್ದು ನನ್ನ ಮನೆ.

ನಲವತ್ತನೇ ಹೆಜ್ಜೆ ನನ್ನ ಕುರ್ಚಿಯ ಮುಂದೆ ನಿಂತಿತು. ಬಾಳೆಹಣ್ಣು ಇಸಿದುಕೊಂಡು, ಕನ್ನಡಕ ಏರಿಸಿ, ಭೂಮಿ ನುಂಗಿರಬೇಕು ಎಂದು ನಾನು ಹೇಳುತ್ತಿದ್ದ ಅದೇ ಕುರ್ಚಿ.

ಇಮಾಮಸಾಬ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ ಕೋಲು ಇಳಿಸಿದ. ಅದು ಕುಂಯ್ ಎಂದು ನಿಲ್ಲಿಸದೆ ಕೂಗಿತು. ಅವನು ಕೋಲಿನ ಡಬ್ಬಿಯನ್ನು ಮಗುವಿನ ಬೆನ್ನು ಸವರಿದಂತೆ ಸವರಿದ. ಅಗೆಯುವುದು ಯಾರು ಎಂದು ಎಲ್ಲರೂ ನನ್ನ ಮುಖ ನೋಡಿದರು. ಹಾರೆ ತಂದು ನನ್ನ ಹೊಸ್ತಿಲ ಮುಂದಿನ ಹಾಸುಗಲ್ಲನ್ನು ನಾನೇ ಎಬ್ಬಿಸಿದೆ. ಮೊಣಕಾಲು ಆಳಕ್ಕೆ ಹಾರೆ ತಾಮ್ರಕ್ಕೆ ತಾಗಿತು. ಮಣ್ಣು ಮೆತ್ತಿ ಹಸಿರಾಗಿದ್ದ ತಂಬಿಗೆ. ಇದನ್ನು ಯಾರೂ ಹುಣಸೆಹಣ್ಣು ಹಚ್ಚಿ ತಿಕ್ಕಿರಲಿಲ್ಲ. ಕಾಶವ್ವ ತಲೆಯ ಮೇಲಿನ ಕೊಡ ಇಳಿಸಿ ಅದೇ ನೀರಿನಿಂದ ತೊಳೆದಳು, ಸೆರಗಿನಿಂದ ಉಜ್ಜಿದಳು. ಹಿಂದೆ ಮುಂದೆ ಏನೂ ಇಲ್ಲದ ಮೂರಕ್ಷರ ಕಾಣಿಸಿತು: ನಾಗವ್ವ. ಕೆಳಗೆ ಇಸವಿ.

"ಅವ್ವಾ, ನೀ ಖರೇನೇ ಹೇಳಿದ್ದಿ," ಎಂದು ಅವಳು ತಂಬಿಗೆಯನ್ನು ಮಡಿಲಿಗೆ ಹಾಕಿಕೊಂಡು ನನ್ನ ಮನೆಯ ಮುಂದೆ ಕುಳಿತು ಅತ್ತಳು. ನನ್ನ ಕಡೆ ನೋಡಲಿಲ್ಲ. ಅಧ್ಯಕ್ಷ ಯಾವಾಗ ಹೋದನೋ ತಿಳಿಯಲಿಲ್ಲ, ಬೀಗ ಮಾತ್ರ ಜವಾನನ ಕೈಯಲ್ಲೇ ಉಳಿದಿತ್ತು.

ಅವತ್ತು ಗೂಟ ಹೊಡೆಯಲು ನನ್ನನ್ನು ಯಾರೂ ಕರೆಯಲಿಲ್ಲ. ಎರಡು ಹೊತ್ತು ಊಟಕ್ಕೂ ಹೋಗಲಿಲ್ಲ, ಯಾವ ಮುಖ ಇಟ್ಟುಕೊಂಡು ಹೋಗುವುದು. ಮರುದಿನ ಬೆಳಿಗ್ಗೆ ಮನಸ್ಸು ತಡೆಯದೆ ಟೇಪು ಹಿಡಿದು ಪುರಸಭೆಯ ಮೂಲೆಗೆ ನಡೆದೆ. ಗೂಟ ಆಗಲೇ ಹೊಡೆದಿತ್ತು. ಅದರ ಸುತ್ತ ಐದಾರು ಹೆಂಗಸರು ತುಂಬಿದ ಕೊಡಗಳನ್ನಿಟ್ಟುಕೊಂಡು ಕುಳಿತಿದ್ದರು. ನಡುವೆ ಕಾಶವ್ವ, ಕೈಯಲ್ಲಿ ತಾಯಿಯ ತಂಬಿಗೆ, ಅದರ ತುಂಬ ಚಹಾ. ಒಂದು ಬಟ್ಟಲಿಗೆ ಬಗ್ಗಿಸಿ ನನ್ನ ಕಡೆ ಚಾಚಿದಳು. ನಾನು ಎರಡೂ ಕೈಯಿಂದ ತೆಗೆದುಕೊಂಡೆ.

"ಗೂಟದ ಕಡೆ ನಾವು ನೋಡಕೋತೀವಿ ಅಣ್ಣಾರ," ಎಂದಳು. "ನಿಮಗ ಬೇಕಾದ್ರ ಎಲ್ಯರೆ ನಾಟಕ ನಡದಿದ್ರ ಹೋಗಿ ಬರ್ರಿ."